ಇಪ್ಪತ್ತೊಂದರೊಳಗಿನ ಹುಡುಗರು: ಕಿರಿಯರ ಹಾಕಿ ವಿಶ್ವಕಪ್ ಮತ್ತು ನಮ್ಮ ಬಡಾವಣೆ

(ಜಯನಗರದ ಸಂಜೆ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಜಯನಗರದಲ್ಲಿ ನಿಂತು ಹಾಕಿಯ ಬಗ್ಗೆ ಮಾತನಾಡುವುದೆಂದರೆ ಮೈಸೂರಿಗೆ ಹೋಗಿ ಧಾರವಾಡ ಪೇಡೆಯ ಗುಣಗಾನ ಮಾಡಿದ ಹಾಗೆ. ಕೇಳುವವರು ಬೇಡವೆನ್ನುವುದಿಲ್ಲ, ಆದರೆ ತಮ್ಮದೆಂದೂ ಅನ್ನುವುದಿಲ್ಲ. ಇಲ್ಲಿ ಕ್ರಿಕೆಟ್ ಎಂದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಹಾಕಿ ಎಂದರೆ ‘ಧ್ಯಾನ್‌ಚಂದ್ ಕಾಲದಲ್ಲಿ ಎಷ್ಟು ಚೆನ್ನಾಗಿತ್ತು’ ಎಂಬ ನಿಟ್ಟುಸಿರಿನಲ್ಲಿ ಮಾತು ಮುಗಿಯುತ್ತದೆ. ಆ ನಿಟ್ಟುಸಿರಿನ ಮಾತು ಇವತ್ತು ಬೇಡ. ಹದಿನೆಂಟು, ಇಪ್ಪತ್ತು ವರ್ಷದ ಹುಡುಗರು ಆಡುವ ಒಂದು ಪಂದ್ಯಾವಳಿಯ ಬಗ್ಗೆ ಹೇಳುತ್ತೇನೆ. ಅದರ ಹೆಸರು ಕಿರಿಯರ ವಿಶ್ವಕಪ್. ಪತ್ರಿಕೆಗಳಲ್ಲಿ ನೀವು ಜೂನಿಯರ್ ವಿಶ್ವಕಪ್ ಎಂದು ಓದಿರುತ್ತೀರಿ.

2025ರ ಡಿಸೆಂಬರ್ 10ರಂದು ಚೆನ್ನೈನಲ್ಲಿ ಈ ಪಂದ್ಯಾವಳಿಯ ಕೊನೆಯ ದಿನ. ಮೂರನೆಯ ಸ್ಥಾನಕ್ಕಾಗಿ ಭಾರತ ಮತ್ತು ಅರ್ಜೆಂಟೀನಾ ಆಡುತ್ತಿದ್ದವು. ಮುಕ್ಕಾಲು ಪಂದ್ಯ ಮುಗಿದಾಗ ನಮ್ಮವರು ಎರಡು ಗೋಲುಗಳಿಂದ ಹಿಂದಿದ್ದರು. ಕೊನೆಯ 11 ನಿಮಿಷಗಳಲ್ಲಿ ಅದೇ ಹುಡುಗರು ನಾಲ್ಕು ಗೋಲು ಹೊಡೆದು 4-2ರಿಂದ ಗೆದ್ದರು. 2016ರ ನಂತರ ಈ ಪಂದ್ಯಾವಳಿಯಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಚೆನ್ನೈ ನಮಗೆ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ಹತ್ತಿರ. ಆದರೂ ಮರುದಿನ ಬೆಳಗ್ಗೆ ನಮ್ಮ ದರ್ಶಿನಿಗಳಲ್ಲಿ ಕಾಫಿ ಕುಡಿಯುತ್ತಾ ಆ 11 ನಿಮಿಷಗಳ ಬಗ್ಗೆ ಮಾತನಾಡಿದವರು ಎಷ್ಟು ಮಂದಿ? ಯಾರನ್ನೂ ದೂರುವುದಕ್ಕಾಗಿ ಇದನ್ನು ಕೇಳುತ್ತಿಲ್ಲ. ಆ ಮೌನಕ್ಕೆ ಒಂದು ಚರಿತ್ರೆ ಇದೆ. ಅದನ್ನು ತಿಳಿಯೋಣ ಎಂಬುದಷ್ಟೇ ನನ್ನ ಉದ್ದೇಶ.

ವಯಸ್ಸಿನ ಗೆರೆ

ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಕಿರಿಯರ ವಿಶ್ವಕಪ್ಪನ್ನು ಆರಂಭಿಸಿದ್ದು 1979ರಲ್ಲಿ, ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ. ಮೊದಲ ಕಪ್ ಪಾಕಿಸ್ತಾನಕ್ಕೆ ಹೋಯಿತು. ಆಮೇಲೆ 1982, 1985, 1989, 1993 ಹೀಗೆ ಸಾಲಾಗಿ ನಾಲ್ಕು ಬಾರಿ ಜರ್ಮನರು ಗೆದ್ದರು. 1997ರಲ್ಲಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಆಸ್ಟ್ರೇಲಿಯಾ ಗೆದ್ದಿತು. ಫೈನಲ್‌ನಲ್ಲಿ 3-2ರಿಂದ ಸೋತ ತಂಡ ನಮ್ಮದು. 2001ರಲ್ಲಿ ಆಸ್ಟ್ರೇಲಿಯಾದ ಹೋಬರ್ಟ್‌ನಲ್ಲಿ ಮತ್ತು 2016ರಲ್ಲಿ ಲಖನೌದಲ್ಲಿ ಭಾರತ ಗೆದ್ದಿತು. ಅರ್ಜೆಂಟೀನಾ 2005ರಲ್ಲಿ ಮತ್ತು 2021ರಲ್ಲಿ ಗೆದ್ದಿದೆ. ಉಳಿದ ಕಪ್ಪುಗಳೆಲ್ಲ ಮತ್ತೆ ಜರ್ಮನಿಗೇ. ಚೆನ್ನೈನಲ್ಲಿ ಅವರು ಗೆದ್ದದ್ದು ಎಂಟನೆಯದು.

ಈ ಪಂದ್ಯಾವಳಿಯ ವಿಶೇಷ ಇರುವುದು ಅದರ ವಯಸ್ಸಿನ ಗೆರೆಯಲ್ಲಿ. ಇದು 21ರೊಳಗಿನವರ ಪಂದ್ಯಾವಳಿ. ಲೆಕ್ಕ ಹಿಡಿಯುವುದು ಹುಟ್ಟಿದ ವರ್ಷದ ಮೇಲೆ. 2025ರ ತಂಡಕ್ಕೆ ಸೇರಬೇಕಾದರೆ 2004ರ ಜನವರಿ 1ರಂದು ಅಥವಾ ಆನಂತರ ಹುಟ್ಟಿರಬೇಕಿತ್ತು. ಡಿಸೆಂಬರ್ 31ರ ರಾತ್ರಿ ಹುಟ್ಟಿದ ಹುಡುಗ ಹೊರಗೆ, ಜನವರಿ 1ರ ಮುಂಜಾನೆ ಹುಟ್ಟಿದವನು ಒಳಗೆ. ಪಂದ್ಯಾವಳಿ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಕಾಲದಲ್ಲಿ ಇದು ಇನ್ನಷ್ಟು ಕಠಿಣವಾಗಿತ್ತು. ಕೆಲವರಿಗೆ ಅವಕಾಶ ಬರುತ್ತಿದ್ದದ್ದು ಹದಿನೆಂಟನೆಯ ವಯಸ್ಸಿನಲ್ಲಿ, ಮೈ ಇನ್ನೂ ಬಲಿಯದ ಹೊತ್ತಿನಲ್ಲಿ. ಆಗ ತಪ್ಪಿದರೆ ಮುಂದಿನ ಕಪ್ ಬರುವಷ್ಟರಲ್ಲಿ ವಯಸ್ಸು ಮೀರಿರುತ್ತಿತ್ತು. 2021ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ. 2025ರಲ್ಲಿ ಮೊದಲ ಸಲ 24 ತಂಡಗಳು ಆಡಿದವು. ಗೆರೆ ಹಾಗೆಯೇ ಉಳಿದಿದ್ದರೂ ಬಾಗಿಲು ಸ್ವಲ್ಪ ಅಗಲವಾಗಿದೆ ಎನ್ನಬಹುದು.

ಹಾಗಾಗಿ ಕಿರಿಯರ ವಿಶ್ವಕಪ್ ಎಂದರೆ ದೊಡ್ಡವರ ವಿಶ್ವಕಪ್ಪಿನ ಸಣ್ಣ ಪ್ರತಿ ಎಂದು ತಿಳಿಯುವುದು ಸರಿಯಲ್ಲ. ದೊಡ್ಡವರ ತಂಡದಲ್ಲಿ 22ರ ಹುಡುಗನೂ 34ರ ಅನುಭವಿಯೂ ಇರುತ್ತಾರೆ. ಒಂದು ತಲೆಮಾರಿನ ಕೊರತೆಯನ್ನು ಇನ್ನೊಂದು ತಲೆಮಾರು ಮುಚ್ಚುತ್ತದೆ. ಕಿರಿಯರಲ್ಲಿ ಆ ಅನುಕೂಲ ಇಲ್ಲ. ಮೂರು ನಾಲ್ಕು ವರ್ಷಗಳ ಅಂತರದಲ್ಲಿ ಹುಟ್ಟಿದ ಹುಡುಗರಷ್ಟೇ ಅಲ್ಲಿರುತ್ತಾರೆ. ಅವರು ಎಂಟು ಹತ್ತು ವರ್ಷದವರಿದ್ದಾಗ ಅವರ ಕೈಗೆ ಸ್ಟಿಕ್ ಕೊಟ್ಟವರು ಯಾರು, ಆಡಲು ಎಂಥ ನೆಲ ಸಿಕ್ಕಿತು, ಸಂಜೆ ಆಟ ಮುಗಿದ ಮೇಲೆ ಊಟಕ್ಕೆ ಏನಿತ್ತು ಎಂಬುದೆಲ್ಲ ಆ ಹದಿನೈದು ದಿನಗಳಲ್ಲಿ ಬಯಲಾಗುತ್ತದೆ. ಬಿತ್ತಿದ್ದನ್ನು ಬೆಳೆಯುವುದು ಎನ್ನುತ್ತೇವಲ್ಲ, ಆ ಮಾತು ಇಲ್ಲಿ ಅಕ್ಷರಶಃ ನಿಜ. ಬಿತ್ತನೆಗೂ ಕೊಯ್ಲಿಗೂ ನಡುವೆ ಹತ್ತು ವರ್ಷ.

ಹೋಬರ್ಟಿನಿಂದ ಲಖನೌವರೆಗೆ

ಎರಡು ಕೊಯ್ಲುಗಳ ಕಥೆ ಹೇಳುತ್ತೇನೆ.

2001ರ ಅಕ್ಟೋಬರ್‌ನಲ್ಲಿ ಹೋಬರ್ಟ್‌ಗೆ ಹೋದ ಭಾರತ ತಂಡದ ನಾಯಕ ಗಗನ್ ಅಜಿತ್ ಸಿಂಗ್. ತಂಡದಲ್ಲಿ ದೀಪಕ್ ಠಾಕೂರ್, ಪ್ರಭಜೋತ್ ಸಿಂಗ್, ಜುಗರಾಜ್ ಸಿಂಗ್, ವಿರೇನ್ ರಸ್ಕಿನ್ಹಾ, ಗೋಲ್‌ಕೀಪರ್ ದೇವೇಶ್ ಚೌಹಾಣ್ ಇದ್ದರು. ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಇದ್ದರು. ಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ 6-1ರ ಗೆಲುವು. ಠಾಕೂರ್ ಹ್ಯಾಟ್ರಿಕ್ ಹೊಡೆದರು. ಫೈನಲ್‌ನಲ್ಲಿ ಅಷ್ಟು ದೊಡ್ಡ ಅಂತರ ಅಪರೂಪ. ಆ ಹುಡುಗರಲ್ಲಿ ಅನೇಕರು ಮೂರೇ ವರ್ಷದಲ್ಲಿ ಅಥೆನ್ಸ್ ಒಲಿಂಪಿಕ್ಸ್ ಆಡಿದರು. ಅವರಲ್ಲಿ ಹಾಲಪ್ಪನವರೂ ಒಬ್ಬರು. ಮುಂದೆ ಅವರು ಭಾರತ ತಂಡದ ನಾಯಕತ್ವವನ್ನೂ ವಹಿಸಿದರು. ಆದರೆ ಜುಗರಾಜ್ ಅಥೆನ್ಸಿಗೆ ಹೋಗಲಿಲ್ಲ. 2003ರ ಸೆಪ್ಟೆಂಬರ್‌ನಲ್ಲಿ ನಡೆದ ಕಾರು ಅಪಘಾತ ಆತನ ಆಟವನ್ನು ಮೊಟಕುಗೊಳಿಸಿತು. ಪೆನಾಲ್ಟಿ ಕಾರ್ನರ್‌ನಲ್ಲಿ ಭಾರತದ ಬಹುದಿನಗಳ ಕೊರತೆಯನ್ನು ನೀಗುವ ಹುಡುಗ ಎಂದು ಎಲ್ಲರೂ ನಂಬಿದ್ದ ಹೊತ್ತಿನಲ್ಲೇ ಹೀಗಾಯಿತು. ಒಂದು ತಲೆಮಾರು ಒಬ್ಬನ ಮೇಲೆ ಎಷ್ಟು ಭಾರ ಹಾಕಿರುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಎರಡನೆಯದು ಲಖನೌ. 2016ರ ಡಿಸೆಂಬರ್. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು 2-2 ಸಮಬಲ, ಆಮೇಲೆ ಶೂಟೌಟ್‌ನಲ್ಲಿ ಗೆಲುವು. ಫೈನಲ್ ಡಿಸೆಂಬರ್ 18ರಂದು. ಗುರ್ಜಂತ್ ಸಿಂಗ್ ಮತ್ತು ಸಿಮ್ರನ್‌ಜೀತ್ ಸಿಂಗ್ ಹೊಡೆದ ಗೋಲುಗಳಿಂದ ಬೆಲ್ಜಿಯಂ ವಿರುದ್ಧ 2-1ರ ಜಯ. ನಾಯಕ ಹರ್ಜೀತ್ ಸಿಂಗ್ ಲಾರಿ ಚಾಲಕರೊಬ್ಬರ ಮಗ. ತರಬೇತುದಾರರು ಹರೇಂದ್ರ ಸಿಂಗ್. ಸ್ವಂತ ನೆಲದಲ್ಲಿ ಆಡಿ ಈ ಕಪ್ ಗೆದ್ದ ಮೊದಲ ದೇಶ ಭಾರತ.

ಈ ಗೆಲುವಿನ ಫಲ ಐದು ವರ್ಷ ತಡವಾಗಿ ಬಂತು. 2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ ಭಾರತ ಕಂಚು ಗೆದ್ದಿತಲ್ಲ, 41 ವರ್ಷಗಳ ನಂತರದ ಆ ಒಲಿಂಪಿಕ್ ಪದಕ, ಆ ತಂಡದಲ್ಲಿ ಲಖನೌದ ಹುಡುಗರು ಏಳು ಮಂದಿ: ಹರ್ಮನ್‌ಪ್ರೀತ್, ವರುಣ್ ಕುಮಾರ್, ಸುಮಿತ್, ನೀಲಕಂಠ ಶರ್ಮಾ, ಮನ್‌ದೀಪ್, ಗುರ್ಜಂತ್, ಸಿಮ್ರನ್‌ಜೀತ್. ಆ ಪಂದ್ಯದಲ್ಲಿ ಸಿಮ್ರನ್‌ಜೀತ್ ಎರಡು ಗೋಲು ಹೊಡೆದರು. ಆದರೆ ಲಖನೌದಲ್ಲಿ ಕಪ್ ಎತ್ತಿದ ನಾಯಕ ಹರ್ಜೀತ್ ಟೋಕಿಯೋ ತಂಡದಲ್ಲಿ ಇರಲಿಲ್ಲ. ಕಪ್ ಗೆದ್ದ ನಾಯಕನಿಗೂ ಮುಂದಿನ ಮೆಟ್ಟಿಲು ಖಾತ್ರಿ ಇಲ್ಲ. ಬಾಗಿಲು ಅಷ್ಟು ಕಿರಿದು.

ಊರು ನಮ್ಮದು, ತಂಡದಲ್ಲಿ ನಮ್ಮವರಿಲ್ಲ

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಟೋಕಿಯೋ ತಂಡ ತಯಾರಾದದ್ದು ಎಲ್ಲಿ? ಪಂಜಾಬಿನಲ್ಲಲ್ಲ, ಒಡಿಶಾದಲ್ಲೂ ಅಲ್ಲ. ನಮ್ಮ ಜ್ಞಾನಭಾರತಿ ಆವರಣದ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. ಜನ ಅದನ್ನು ‘ಸಾಯ್’ ಎನ್ನುತ್ತಾರೆ. ಬನಶಂಕರಿಯಿಂದ ಹೊರ ವರ್ತುಲ ರಸ್ತೆ ಹಿಡಿದು ನಾಯಂಡಹಳ್ಳಿ ದಾಟಿದರೆ ಅಲ್ಲಿಂದ ಬಹಳ ದೂರವಿಲ್ಲ. 2020ರ ಲಾಕ್‌ಡೌನ್ ತಿಂಗಳುಗಳಲ್ಲಿ ದೇಶದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಮನೆಗೆ ಹೋಗಲಾಗದೆ ಇದೇ ಆವರಣದಲ್ಲಿ ಉಳಿದುಕೊಂಡಿದ್ದವು. ನಾವು ಬಾಲ್ಕನಿಯಲ್ಲಿ ನಿಂತು ಖಾಲಿ ರಸ್ತೆ ನೋಡುತ್ತಿದ್ದ ದಿನಗಳಲ್ಲಿ, ಮುಂದೆ ಪದಕ ತರುವ ಆಟಗಾರರು ನಮ್ಮದೇ ಊರಿನ ನೀರು ಕುಡಿದು ಕಾಯುತ್ತಿದ್ದರು.

ಇನ್ನೊಂದು ಸಂಗತಿ. ಲಖನೌದಲ್ಲಿ ಗೆದ್ದ ಕಿರಿಯರ ತಂಡದಲ್ಲಿ ಕರ್ನಾಟಕದ ಹುಡುಗರಿರಲಿಲ್ಲ. ಟೋಕಿಯೋದಲ್ಲಿ ಕಂಚು ಗೆದ್ದ ಪುರುಷರ ತಂಡದಲ್ಲಿ ಕರ್ನಾಟಕದವರಿರಲಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಕಂಚು ಗೆದ್ದಾಗಲೂ ಇರಲಿಲ್ಲ. ದೇಶದ ಹಾಕಿಗೆ ಮನೆ ಕೊಟ್ಟ ಊರು ನಮ್ಮದು. ಆ ಮನೆಯಲ್ಲಿ ನಮ್ಮ ಮಕ್ಕಳಿಗೆ ಎಲೆ ಹಾಕಿರಲಿಲ್ಲ.

ಇದು ಯಾವಾಗಲೂ ಹೀಗಿರಲಿಲ್ಲ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕ ಎಂ.ಪಿ. ಗಣೇಶ್. 1975ರಲ್ಲಿ ವಿಶ್ವಕಪ್ಪನ್ನೇ ಗೆದ್ದ ತಂಡದಲ್ಲಿ ಬಿ.ಪಿ. ಗೋವಿಂದ ಮತ್ತು ಪಿ.ಇ. ಕಾಳಯ್ಯ. 1980ರ ಮಾಸ್ಕೋ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ. 1988ರ ಸೋಲ್ ಒಲಿಂಪಿಕ್ಸ್‌ಗೆ ಅವರೇ ನಾಯಕ. ಆಮೇಲೆ ಜೂಡ್ ಫೆಲಿಕ್ಸ್, ಎ.ಬಿ. ಸುಬ್ಬಯ್ಯ, ಆಶಿಶ್ ಬಲ್ಲಾಳ್, ಲೆನ್ ಅಯ್ಯಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್. ಈ ಪಟ್ಟಿಯನ್ನು ಗಮನಿಸಿದರೆ ಒಂದು ವಿಷಯ ಹೊಳೆಯುತ್ತದೆ. ಹೆಚ್ಚಿನವರು ಕೊಡಗಿನವರು, ಉಳಿದವರು ಬೆಂಗಳೂರಿನವರು.

ದಂಡಿನ ಆಟ, ಪೇಟೆಯ ಆಟ

ಬೆಂಗಳೂರಿನ ಹಾಕಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಊರು ಎರಡಾಗಿದ್ದ ಕಾಲಕ್ಕೆ ಹೋಗಬೇಕು. 1809ರಲ್ಲಿ ಬ್ರಿಟಿಷರು ದಂಡು ಕಟ್ಟಿದರು. ಇತ್ತ ಕೆಂಪೇಗೌಡರ ಪೇಟೆ, ಅತ್ತ ಸೈನಿಕರ ದಂಡು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. ಇವು ಒಂದಾಗಿ ಕಾರ್ಪೊರೇಷನ್ ಆದದ್ದು 1949ರಲ್ಲಿ. ಹಾಕಿ ಬೆಳೆದದ್ದು ದಂಡಿನ ಕಡೆ. ರೆಜಿಮೆಂಟುಗಳು ಆಡಿದವು, ಮಿಷನರಿ ಶಾಲೆಗಳು ಆಡಿದವು, ಆಂಗ್ಲೋ ಇಂಡಿಯನ್ ಮನೆತನಗಳು ಆಡಿದವು, ಶೂಲೆಯ ಗಲ್ಲಿಗಳಲ್ಲಿ ತಮಿಳು ಮಾತನಾಡುವ ಬಡ ಹುಡುಗರು ಆಡಿದರು. ಎಂಇಜಿ ಮತ್ತು ಎಎಸ್‌ಸಿಯಂಥ ಸೇನಾ ತಂಡಗಳು ಇಂದಿಗೂ ಆ ಪರಂಪರೆಯ ಕೊಂಡಿಗಳು. ಪೇಟೆಯ ಕಡೆ ಗರಡಿ ಮನೆ ಇತ್ತು, ಕಬಡ್ಡಿ, ವಾಲಿಬಾಲ್ ಇದ್ದವು, ಆಮೇಲೆ ಕ್ರಿಕೆಟ್ ಬಂತು. ಬಸವನಗುಡಿ, ಅದರ ಬೆನ್ನಿಗೆ 1948ರಲ್ಲಿ ಶುರುವಾದ ಜಯನಗರ, ಆಮೇಲೆ ಬನಶಂಕರಿ, ಜೆ.ಪಿ. ನಗರ, ಇವೆಲ್ಲ ಪೇಟೆಯ ಮಕ್ಕಳು. ತಾಯಿ ಮನೆಯ ರುಚಿ ಮಗಳ ಅಡುಗೆಯಲ್ಲೂ ಬರುತ್ತದೆ. ಹಾಕಿ ನಮ್ಮ ಬಡಾವಣೆಗಳಿಗೆ ಬಾರದ್ದಕ್ಕೆ ಇದು ಮೊದಲ ಕಾರಣ.

ಕೊಡಗಿಗೂ ಹಾಕಿ ಹೋದದ್ದು ಸೈನ್ಯದ ಮೂಲಕವೇ. ಆದರೆ ಅಲ್ಲಿ ಅದು ಬ್ಯಾರಕ್ಕಿನಲ್ಲಿ ನಿಲ್ಲದೆ ಮನೆತನದೊಳಗೆ ಹೊಕ್ಕಿತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಆರಂಭಿಸಿದಾಗ ಬಂದದ್ದು 60 ಮನೆತನಗಳು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ಮನೆತನಗಳು ತಂಡ ಕಳಿಸಿದವು. ಅಜ್ಜ, ಅಪ್ಪ, ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ. ಹೆಣ್ಣುಮಕ್ಕಳೂ ಆಡುತ್ತಾರೆ. ಹತ್ತು ವರ್ಷದ ಹುಡುಗನಿಗೆ ಅಲ್ಲಿ ಹಾಕಿ ಆಡು ಎಂದು ಯಾರೂ ಹೇಳಬೇಕಾಗಿಲ್ಲ. ಮನೆಯ ಮೂಲೆಯಲ್ಲಿ ಸ್ಟಿಕ್ ಇರುತ್ತದೆ. 2023ರಲ್ಲಿ ಕ್ವಾಲಾಲಂಪುರದ ಕಿರಿಯರ ವಿಶ್ವಕಪ್ ಆಡಿದ ಸಿ.ಬಿ. ಪೂವಣ್ಣ ಆ ನೆಲದಿಂದಲೇ ಬಂದವರು. ಚೆನ್ನೈನಲ್ಲಿ ಕಂಚು ಗೆದ್ದ 2025ರ ತಂಡದಲ್ಲಿ ಕರ್ನಾಟಕದ ಸುನಿಲ್ ಪಾಲಾಕ್ಷಪ್ಪ ಬೆನ್ನೂರು ಇದ್ದರು. ಬಾವಿ ಪೂರ್ತಿ ಬತ್ತಿಲ್ಲ ಎಂಬುದಕ್ಕೆ ಈ ಎರಡು ಹೆಸರುಗಳು ಸಾಕ್ಷಿ.

ಬೆಂಗಳೂರಿನ ಹಾಕಿಗೆ ಇನ್ನೊಂದು ಆಸರೆ ಇತ್ತು. ಅದು ನೌಕರಿ. ಎಚ್‌ಎಎಲ್, ಕೆನರಾ ಬ್ಯಾಂಕ್, ರೈಲ್ವೆಯಂಥ ಸಂಸ್ಥೆಗಳು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದವು. ಬೆಳಗ್ಗೆ ಅಭ್ಯಾಸ, ಆಮೇಲೆ ಕಚೇರಿ, ಸಂಜೆ ಲೀಗ್ ಪಂದ್ಯ. ಹಾಕಿ ಆಡಿದರೆ ಮಗನಿಗೆ ಬ್ಯಾಂಕಿನ ಕೆಲಸ ಸಿಗಬಹುದು ಎಂಬ ಭರವಸೆ ಎಷ್ಟೋ ತಂದೆತಾಯಿಯರನ್ನು ಒಪ್ಪಿಸುತ್ತಿತ್ತು. 1991ರ ನಂತರ ಊರಿನ ಕನಸು ಬೇರೆಯಾಯಿತು. ಜಯನಗರದ ಮನೆಗೆ ಕಂಪ್ಯೂಟರ್ ಕೆಲಸ ಬಂತು. ಒಂಬತ್ತನೆಯ ತರಗತಿಯಿಂದ ಟ್ಯೂಷನ್ ಶುರುವಾಯಿತು. ಕಿರಿಯರ ವಿಶ್ವಕಪ್ಪಿಗೆ ಹುಡುಗ ಗಟ್ಟಿಯಾಗಬೇಕಾದ ವರ್ಷಗಳು ಯಾವುವು? ಹದಿನಾಲ್ಕರಿಂದ ಇಪ್ಪತ್ತು. ನಮ್ಮ ಮನೆಗಳಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ, ಸಿಇಟಿ ಬರುವ ವರ್ಷಗಳೂ ಅವೇ. ಒಂದೇ ಹುಡುಗನನ್ನು ಎರಡು ಕಡೆಯಿಂದ ಎಳೆದರೆ ಯಾವ ಕಡೆ ಗೆಲ್ಲುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಕೆರೆ ತೆತ್ತು ಪಡೆದ ಮೈದಾನ

ನಮ್ಮ ಊರು ಹಾಕಿಗಾಗಿ ಏನೂ ಕೊಡಲಿಲ್ಲ ಎಂದರೆ ತಪ್ಪಾಗುತ್ತದೆ. ಒಂದು ಕೆರೆಯನ್ನೇ ಕೊಟ್ಟಿದೆ. ಲಾಲ್‌ಬಾಗಿನ ಆಚೆ, ಶಾಂತಿನಗರದ ಮಗ್ಗುಲಲ್ಲಿರುವ ಹಾಕಿ ಕ್ರೀಡಾಂಗಣವನ್ನು ನೋಡಿರುತ್ತೀರಿ. ಅಲ್ಲಿ ಹಿಂದೆ ಇದ್ದದ್ದು ಅಕ್ಕಿತಿಮ್ಮನಹಳ್ಳಿ ಕೆರೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಶೂಲೆ ಕೆರೆ ಫುಟ್‌ಬಾಲ್ ಮೈದಾನವಾಯಿತು, ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು. ಈಗ ಅದಕ್ಕೆ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಹೆಸರು. ಕೆರೆ ಮುಚ್ಚಿದ್ದು ಸರಿಯೋ ತಪ್ಪೋ ಎಂಬುದು ಬೇರೆ ಉಪನ್ಯಾಸದ ವಿಷಯ. ಅಷ್ಟು ದೊಡ್ಡ ಬೆಲೆ ತೆತ್ತು ಪಡೆದದ್ದನ್ನು ಎಷ್ಟು ಮಕ್ಕಳು ಬಳಸುತ್ತಿದ್ದಾರೆ ಎಂದು ಕೇಳುವ ಹಕ್ಕಂತೂ ನಮಗಿದೆ.

ಒಂದು ಮೈದಾನಕ್ಕೆ ಇಷ್ಟೇಕೆ ಒತ್ತು ಎಂದು ನೀವು ಕೇಳಬಹುದು. ಶಾಲಿನಿ ಮೈದಾನವಿದೆ, ಬಡಾವಣೆಗೊಂದು ಆಟದ ಬಯಲಿದೆ, ಅಲ್ಲೇ ಆಡಿದರೆ ಆಗದೆ? ಇಲ್ಲಿ ಹಾಕಿಯ ಒಳಗಿನ ಒಂದು ಬದಲಾವಣೆಯನ್ನು ಹೇಳಬೇಕು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿದರು. ಭಾರತಕ್ಕೆ ಅಲ್ಲಿ ಸಿಕ್ಕಿದ್ದು ಏಳನೆಯ ಸ್ಥಾನ. ಮಣ್ಣಿನಲ್ಲಿ, ಹುಲ್ಲಿನಲ್ಲಿ ಚೆಂಡು ಪುಟಿಯುತ್ತದೆ, ತಿರುಗುತ್ತದೆ. ಅದನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಎದುರಾಳಿಯನ್ನು ಒಬ್ಬೊಬ್ಬರಾಗಿ ದಾಟುವ ಕೈಚಳಕ ನಮ್ಮದಾಗಿತ್ತು. ನೀರು ಚಿಮುಕಿಸಿದ ಕೃತಕ ಹಾಸಿನ ಮೇಲೆ ಚೆಂಡು ಗೆರೆ ಎಳೆದಂತೆ ಓಡುತ್ತದೆ. ಅಲ್ಲಿ ಮುಖ್ಯವಾಗುವುದು ವೇಗ, ದೂರದ ಪಾಸು, ಮೊದಲ ಸ್ಪರ್ಶದಲ್ಲೇ ಚೆಂಡನ್ನು ನಿಲ್ಲಿಸುವ ಖಚಿತತೆ, 60 ನಿಮಿಷ ಓಡುವ ದಮ್ಮು. ಮಣ್ಣಿನಲ್ಲಿ ಕಲಿತ ಹುಡುಗ ಹದಿನಾರನೆಯ ವಯಸ್ಸಿನಲ್ಲಿ ಟರ್ಫ್‌ಗೆ ಬಂದರೆ ಕೈಗೆ ಬಂದದ್ದನ್ನು ಮರೆತು ಮತ್ತೆ ಕಲಿಯಬೇಕು. ಅವನ ಮುಂದಿರುವುದು ಐದೇ ವರ್ಷ.

ಒಂದು ಉದಾಹರಣೆ ಸಾಕು. ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲ ಹೊಡೆತವನ್ನು ಬೀಸಿ ಹೊಡೆದರೆ ಚೆಂಡು ಗೋಲಿನೊಳಗಿನ ಒಂದೂವರೆ ಅಡಿ ಹಲಗೆಗಿಂತ ಎತ್ತರದಲ್ಲಿ ಗೆರೆ ದಾಟುವಂತಿಲ್ಲ. ಆದರೆ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಎಸೆದರೆ ಎತ್ತರದ ನಿರ್ಬಂಧವಿಲ್ಲ. ಈ ನಿಯಮದ ಬಿರುಕಿನಿಂದ ಹುಟ್ಟಿದ್ದೇ ಡ್ರ್ಯಾಗ್ ಫ್ಲಿಕ್. ಓಡಿ ಬಂದು, ಬಾಗಿ, ಚೆಂಡನ್ನು ಹಿಂದಿನಿಂದ ಎಳೆದು, ಇಡೀ ಮೈಯನ್ನು ಕವಣೆಯಂತೆ ತಿರುಗಿಸಿ ಎಸೆಯಬೇಕು. ಸೊಂಟಕ್ಕೂ ಮೊಣಕಾಲಿಗೂ ಅದು ಕಠಿಣ ಶಿಕ್ಷೆ. ಬಲಿತ ಮೇಲೆ ಕಲಿಯುವ ವಿದ್ಯೆಯಲ್ಲ, ಚಿಕ್ಕಂದಿನಿಂದ ಸಾವಿರಾರು ಸಲ ಮಾಡಿ ಮೈಗೂಡಿಸಿಕೊಳ್ಳಬೇಕು, ಸಂಗೀತದಲ್ಲಿ ಸರಳೆ ಜಂಟಿವರಸೆ ಸಾಧಿಸಿದ ಹಾಗೆ. ನಮ್ಮ ಲೆನ್ ಅಯ್ಯಪ್ಪ, ರಘುನಾಥ್ ಇದರಲ್ಲಿ ನುರಿತವರು. ಲಖನೌ ತಂಡದಿಂದ ಬಂದ ಹರ್ಮನ್‌ಪ್ರೀತ್ ಪ್ಯಾರಿಸ್‌ನಲ್ಲಿ ಭಾರತದ ನಾಯಕ. ಸಮತಟ್ಟಾದ ಹಾಸಿಲ್ಲದೆ ಈ ಸಾಧನೆ ಆಗದು.

ನೆರೆಹೊರೆಯ ಕ್ಲಬ್ಬು

ಎಂಟು ಸಲ ಗೆದ್ದ ಜರ್ಮನರ ಗುಟ್ಟೇನು? ಅಲ್ಲಿ ಹಾಕಿ ಜನಪ್ರಿಯ ಆಟವಲ್ಲ, ಫುಟ್‌ಬಾಲಿನ ಮುಂದೆ ಅದರ ಸದ್ದೇ ಇಲ್ಲ. ಆಟಗಾರರಲ್ಲಿ ಹೆಚ್ಚಿನವರು ಕಾಲೇಜಿನಲ್ಲಿ ಓದುತ್ತಾ ಆಡುವವರು. ಅಂದರೆ ಓದು ಮತ್ತು ಹಾಕಿ ಎರಡರಲ್ಲೊಂದನ್ನು ಆರಿಸಲೇಬೇಕು ಎಂಬ ನಮ್ಮ ನಂಬಿಕೆ ಅಲ್ಲಿ ನಡೆಯುವುದಿಲ್ಲ. ಅವರಿಗಿರುವುದು ನೆರೆಹೊರೆಯ ಕ್ಲಬ್ಬು. ಆರು ವರ್ಷದ ಮಗು ಅಲ್ಲಿಗೆ ಸೈಕಲ್ಲಿನಲ್ಲಿ ಹೋಗುತ್ತದೆ. ಅಪ್ಪ ಅಮ್ಮ ಸದಸ್ಯರು, ಅಣ್ಣ ತರಬೇತಿಗೆ ಸಹಾಯಕ. ಚಳಿಗಾಲದಲ್ಲಿ ಹೊರಗೆ ಆಡಲಾಗದಿದ್ದರೆ ಸಭಾಂಗಣದೊಳಗೆ ಸಣ್ಣ ಅಂಗಳದಲ್ಲಿ ಆಡುತ್ತಾರೆ. ಇಕ್ಕಟ್ಟಿನ ಜಾಗದಲ್ಲಿ ಆಡಿ ಆಡಿ ಕೈ ಹದವಾಗುತ್ತದೆ.

ಈ ಮಾತು ನಮಗೆ ಹೊಸದೇ? ನಮ್ಮ ಪಕ್ಕದ ಬಸವನಗುಡಿಯನ್ನೇ ನೋಡಿ. ನ್ಯಾಷನಲ್ ಹೈಸ್ಕೂಲಿನ ಹುಡುಗ ಅನಿಲ್ ಕುಂಬ್ಳೆ ಎಂಜಿನಿಯರಿಂಗ್ ಓದಿಯೂ ಟೆಸ್ಟ್ ಪಂದ್ಯಗಳಲ್ಲಿ 619 ವಿಕೆಟ್ ಪಡೆದರು. ಬಸವನಗುಡಿಯ ಈಜುಕೊಳ ದೇಶದ ತಂಡಕ್ಕೆ ಈಜುಗಾರರನ್ನು ಕೊಟ್ಟಿದೆ. ದಕ್ಷಿಣ ಬೆಂಗಳೂರಿನವರ ರಕ್ತದಲ್ಲಿ ಲೆಗ್ ಸ್ಪಿನ್ ಇತ್ತೇ? ಕಾವೇರಿ ನೀರು ಕುಡಿದವರಿಗೆಲ್ಲ ಈಜು ಬರುತ್ತದೆಯೇ? ಇಲ್ಲ. ಮನೆಯಿಂದ ನಡೆದು ಹೋಗುವ ದೂರದಲ್ಲಿ ಮೈದಾನವಿತ್ತು, ಕೊಳವಿತ್ತು, ಮುಂಜಾನೆ ಐದಕ್ಕೆ ಬಂದು ಸೀಟಿ ಊದುವ ಗುರುವಿದ್ದರು, ಸ್ಕೂಟರಿನಲ್ಲಿ ಮಗುವನ್ನು ತಂದು ಬಿಡುವ ಅಪ್ಪನೋ ಅಮ್ಮನೋ ಇದ್ದರು. ಈ ನಾಲ್ಕು ಕೂಡಿದಲ್ಲಿ ಪ್ರತಿಭೆ ತಾನಾಗಿ ಮೂಡಿತು. ಕೊಡಗಿನಲ್ಲಿ ಮನೆತನ ಮಾಡಿದ್ದನ್ನು, ಜರ್ಮನಿಯಲ್ಲಿ ಕ್ಲಬ್ಬು ಮಾಡಿದ್ದನ್ನು, ಇಲ್ಲಿ ಈಜುಕೊಳ ಮತ್ತು ಕ್ರಿಕೆಟ್ ನೆಟ್ ಮಾಡಿದವು. ಹಾಕಿಗೆ ನಮ್ಮ ಬಡಾವಣೆಗಳಲ್ಲಿ ಅಂಥ ಒಂದು ಜಾಗ ಇಲ್ಲ ಎಂಬುದೇ ಸಮಸ್ಯೆಯ ತಿರುಳು.

ಹಾಗಾದರೆ ಜೆ.ಪಿ. ನಗರಕ್ಕೊಂದು, ಬಿಟಿಎಂ ಬಡಾವಣೆಗೊಂದು ದೊಡ್ಡ ಟರ್ಫ್ ಹಾಸಬೇಕೇ? ಪೂರ್ಣ ಮೈದಾನಕ್ಕೆ 91.4 ಮೀಟರ್ ಉದ್ದ, 55 ಮೀಟರ್ ಅಗಲ ಬೇಕು. ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರ ಸೇರಿ ಬಿಟಿಎಂ ಆದ ಜಾಗದಲ್ಲಿ ಕಾರು ನಿಲ್ಲಿಸಲು ಸ್ಥಳವಿಲ್ಲ, ಟರ್ಫ್ ಎಲ್ಲಿಂದ ಬರಬೇಕು? ಆದರೆ ಈಗ ಹಾಕಿಯಲ್ಲೇ ಐವರ ಆಟ ಬಂದಿದೆ. ಅರ್ಧ ಮೈದಾನದಷ್ಟು ಜಾಗವೂ ಬೇಡ. ನಮ್ಮ ಬೆಂಗಳೂರಿನ ಮೊಹಮ್ಮದ್ ರಾಹೀಲ್ ಎಂಬ ಯುವಕ 2023ರಲ್ಲಿ ಒಮಾನ್‌ನ ಸಲಾಲಾದಲ್ಲಿ ನಡೆದ ಐವರ ಏಷ್ಯಾ ಕಪ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಎರಡು ಗೋಲು ಹೊಡೆದು ಭಾರತವನ್ನು ಸೋಲಿನ ಅಂಚಿನಿಂದ ಎಳೆದು ತಂದರು. ಈಗ ನಮ್ಮ ಬಡಾವಣೆಗಳಲ್ಲಿ ಗಂಟೆಗಿಷ್ಟು ಎಂದು ಬಾಡಿಗೆ ಪಡೆದು ಫುಟ್‌ಬಾಲ್ ಆಡಿಸುವ ಹಸಿರು ಹಾಸಿನ ಅಂಗಳಗಳು ಬೀದಿಗೊಂದರಂತೆ ಎದ್ದಿವೆ. ಅವುಗಳ ಹುಲ್ಲು ಹಾಕಿಗೆ ಹೇಳಿ ಮಾಡಿಸಿದ್ದಲ್ಲ ನಿಜ. ಆದರೂ ಎಂಟು ವರ್ಷದ ಮಗುವಿಗೆ ಸ್ಟಿಕ್ ಹಿಡಿಯಲು ಕಲಿಸುವುದಕ್ಕೆ ಸಾಕು. ಕಾರ್ಪೊರೇಷನ್ ಶಾಲೆಯ ಸಿಮೆಂಟಿನ ಅಂಗಳವೂ ಸಾಕು. ಮಗುವಿಗೆ ಹನ್ನೆರಡಾದ ಮೇಲೆ ವಾರಕ್ಕೆ ಎರಡು ದಿನ ಅಕ್ಕಿತಿಮ್ಮನಹಳ್ಳಿಗೆ ಕರೆದೊಯ್ಯಲಿ. ಬೇಕಾದದ್ದು ಒಬ್ಬ ತರಬೇತುದಾರ, ಇಪ್ಪತ್ತು ಸ್ಟಿಕ್ಕು, ಒಂದು ಚೀಲ ಚೆಂಡು. ಕೋಟಿಗಳ ಲೆಕ್ಕ ಆಮೇಲೆ.

ಭಾರತದಲ್ಲಿ ಕಿರಿಯರ ವಿಶ್ವಕಪ್ ನಾಲ್ಕು ಸಲ ನಡೆದಿದೆ. 2013ರಲ್ಲಿ ದೆಹಲಿ, 2016ರಲ್ಲಿ ಲಖನೌ, 2021ರಲ್ಲಿ ಭುವನೇಶ್ವರ, 2025ರಲ್ಲಿ ಚೆನ್ನೈ ಮತ್ತು ಮದುರೈ. ಬೆಂಗಳೂರಿಗೆ ಬಂದಿಲ್ಲ. ಬರಲಿ ಎಂದು ಒತ್ತಾಯಿಸುವವರಿದ್ದರೆ ನಾನೂ ಸಹಿ ಹಾಕುತ್ತೇನೆ. ಆದರೆ ಕಪ್ ಬಂದು ಹೋಗುವುದು ಹದಿನೈದು ದಿನದ ಜಾತ್ರೆ. ತೇರು ಎಳೆಯಲು ಊರಿನ ಹುಡುಗರೇ ಇಲ್ಲದಿದ್ದರೆ ಜಾತ್ರೆ ನಮ್ಮದಾಗುವುದಿಲ್ಲ.

ಕೊನೆಯದಾಗಿ ಒಂದು ಲೆಕ್ಕ ಹೇಳಿ ಮುಗಿಸುತ್ತೇನೆ. ಇವತ್ತು ಈ ಸಭೆಗೆ ಅಜ್ಜನ ಜೊತೆ ಬಂದು, ನನ್ನ ಮಾತು ಕೇಳಿ ಆಕಳಿಸುತ್ತಾ ಕುಳಿತ ಒಂಬತ್ತು, ಹತ್ತು ವರ್ಷದ ಮಕ್ಕಳಿದ್ದಾರೆ. ಅವರ ಕಿರಿಯರ ವಿಶ್ವಕಪ್ಪಿಗೆ ಇನ್ನು ಹತ್ತು ಹನ್ನೊಂದು ವರ್ಷ ಇದೆ. ಬಹಳ ಸಮಯವಿದೆ ಎಂದು ತೋರುತ್ತದೆ. ಆದರೆ ಹೋಬರ್ಟಿನಲ್ಲಿ ಗೆದ್ದವರೂ, ಲಖನೌದಲ್ಲಿ ಗೆದ್ದವರೂ, ಚೆನ್ನೈನ ಕೊನೆಯ 11 ನಿಮಿಷ ಆಡಿದವರೂ ಆ ವಯಸ್ಸಿಗೆಲ್ಲ ಕೈಯಲ್ಲಿ ಸ್ಟಿಕ್ ಹಿಡಿದಿರಬೇಕು. ನಮ್ಮ ಮಕ್ಕಳೆಲ್ಲ ಭಾರತ ತಂಡಕ್ಕೆ ಆಡಲಿ ಎಂದು ನಾನು ಹೇಳುತ್ತಿಲ್ಲ. ಸಾವಿರದಲ್ಲಿ ಒಬ್ಬನಿಗೂ ಆ ಭಾಗ್ಯವಿಲ್ಲ. ಆದರೆ ಆ ಒಬ್ಬ ನಮ್ಮ ಬೀದಿಯಲ್ಲಿದ್ದರೆ, ತಾನು ಆ ಒಬ್ಬ ಎಂದು ತಿಳಿಯುವ ಅವಕಾಶವಾದರೂ ಅವನಿಗೆ ಸಿಗಲಿ.